ಎರಡು ಬೆರಳಗಲದ ಊದುಬತ್ತಿ

ಮೊನ್ನೆ ಸಂಜೆ ನನ್ನ ತಂಗಿ ದೇವರ ಮುಂದೆ ಊದುಬತ್ತಿ ಹಚ್ಚಿಟ್ಟು, ನಡುಮನೆಗೆ ಬಂದವಳೇ ಫ್ಯಾನ್ ಆರಿಸಿಬಿಟ್ಟಳು. ಬೋಗಾದಿಯ ನಮ್ಮ ಈ ಪುಟ್ಟ ಮನೆಯಲ್ಲಿ ದೇವರಿಗೂ ಟೀವಿಗೂ ನಡುವೆ ಗೋಡೆಯಿಲ್ಲ. ಸೆಕೆಗೆ ಜೀವ ಹೋಗುತ್ತಿದೆ, ಯಾಕೆ ಆರಿಸಿದೆ ಎಂದು ರೇಗಿದೆ. "ಗಾಳಿಗೆ ಬತ್ತಿ ಬೇಗ ಉರಿದುಹೋಗುತ್ತೆ ಕಣೇ" ಅಂದಳು. ಅವಳ ಪಾಲಿಗೆ ಅದು ಊದುಬತ್ತಿ ಪೊಟ್ಟಣದ ಉಳಿತಾಯದ ಮಾತು. ನನ್ನ ಪಾಲಿಗೆ ಅಲ್ಲ. ಈ ಒಂದು ಸಂಗತಿಯನ್ನು ಇಪ್ಪತ್ತೈದು ವರ್ಷದ ಹಿಂದೆ ಒಂದು ಸಂಜೆ ನಾನು ಮರೆತಿದ್ದೆ. ಆಮೇಲೆ ಒಂದು ದಿನವೂ ಮರೆತಿಲ್ಲ.

ತಂಗಿ ಫ್ಯಾನ್ ಆರಿಸಿದ ಹೊತ್ತಿಗೆ ಟೀವಿಯಲ್ಲಿ ಚುನಾವಣೆಯ ಚರ್ಚೆ ನಡೆಯುತ್ತಿತ್ತು. ವಿಷಯವೇನೋ ಘನವಾದದ್ದೇ. ಪತ್ರಿಕೆ, ಟೀವಿಗಳೆಲ್ಲ ಒಬ್ಬಿಬ್ಬರ ಒಡೆತನಕ್ಕೆ ಹೋಗಬಹುದೇ, ಎಲ್ಲ ಅಭ್ಯರ್ಥಿಗಳಿಗೂ ಸಮನಾದ ಸಮಯ ಕೊಡಬೇಕೆಂಬ ಕಾನೂನು ಬೇಕೇ ಎಂದು ಆರು ಜನ ಅಭ್ಯರ್ಥಿಗಳನ್ನು ಕೂರಿಸಿ ಕೇಳುತ್ತಿದ್ದರು. ಕೇಳಿದ ನಿರೂಪಕರೇ ತಮಗಾಗದವರು ಬಾಯಿ ತೆರೆದ ಕೂಡಲೇ ಜಾಹೀರಾತಿಗೆ ಹೋಗುತ್ತಿದ್ದರು. ನಾನೇನೂ ಅವರಿಗಿಂತ ಸಾಚಾ ಅಲ್ಲ ಅನ್ನಿ. ಆ ಆರು ಜನರಲ್ಲಿ ನನಗೂ ಆಗದ ಒಬ್ಬರಿದ್ದಾರೆ. ಅವರ ಮುಖ ಕಂಡರೆ ರಿಮೋಟಿನಿಂದ ದನಿ ಆರಿಸಿ, ಅವರ ಬಾಯಿ ಆಡುವುದನ್ನಷ್ಟೇ ನೋಡಿ ಸಮಾಧಾನಪಡುತ್ತೇನೆ. ನಿವೃತ್ತ ಕನ್ನಡ ಟೀಚರಿಗೆ ಉಳಿದಿರುವ ಅಧಿಕಾರ ಅಷ್ಟೇ.

ಇಂಥ ಹೊತ್ತಿನಲ್ಲೆಲ್ಲ ನನಗೆ ಶಿವನಂಜಣ್ಣನವರು ನೆನಪಾಗುತ್ತಾರೆ. ಬನ್ನಿಮಂಟಪದಲ್ಲಿ ಅವರದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಟೀವಿ ಬಂದ ಮೇಲೆ ಟೀವಿ ರಿಪೇರಿ. ಕೇಬಲ್ ಬಂದ ಮೇಲೆ ತಾರಸಿಯ ಮೇಲೊಂದು ದೊಡ್ಡ ಡಿಶ್ ನಿಲ್ಲಿಸಿ, ತೆಂಗಿನ ಮರದಿಂದ ಮರಕ್ಕೆ, ಮಹಡಿಯಿಂದ ಮಹಡಿಗೆ ವೈರು ಎಳೆದು ಎಂಟು ಬೀದಿಗಳಿಗೆ ಚಾನೆಲ್ ಕೊಟ್ಟರು. ಆ ಚಾನೆಲ್‌ಗಳ ನಡುವೆ ಸಂಜೆ ಐದರಿಂದ ಆರರವರೆಗೆ ಅವರದೇ ಸ್ವಂತದ ಒಂದು ಚಾನೆಲ್. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕ್ಯಾಮೆರಾ, ಒಂದು ಮೇಜು, ಹಿಂದೆ ನೀಲಿ ಪರದೆ. ಉಚ್ಚಾರ ಶುದ್ಧವಾಗಿದೆ ಎಂಬ ಒಂದೇ ಕಾರಣಕ್ಕೆ ಹತ್ತಿರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಕರೆದು ವಾರ್ತೆ ಓದಿಸಿದರು. ವಾರ್ತೆ ಅಂದರೆ ಏನು, ನಾಳೆ ಯಾವ ಬೀದಿಗೆ ನೀರು ಬರುವುದಿಲ್ಲ, ಯಾರ ಮನೆಯ ಗಿಳಿ ಪಂಜರದಿಂದ ಹಾರಿಹೋಗಿದೆ, ಯಾರ ಮಗುವಿಗೆ ಇವತ್ತು ಮೊದಲನೇ ಹುಟ್ಟುಹಬ್ಬ. ಆ ಗಿಳಿ ಎರಡು ದಿನದ ಮೇಲೆ ಸಿಕ್ಕಿದಾಗ ಅದನ್ನೂ ಓದಿದೆ. ತರಕಾರಿಯವಳು ಟೀವಿಯಮ್ಮ ಅಂತ ಕರೆದು ಕೊತ್ತಂಬರಿ ಸೊಪ್ಪು ಕೊಸರು ಹಾಕುತ್ತಿದ್ದಳು. ಅಷ್ಟಕ್ಕೇ ನನ್ನ ತಲೆ ನಿಲ್ಲದೆ, ಸೀರೆ ಇಸ್ತ್ರಿ ಮಾಡಿಸದೆ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದೆ.

ಹೀಗಿರುವಾಗ ನಗರಪಾಲಿಕೆಯ ಚುನಾವಣೆ ಬಂತು. ನಮ್ಮ ವಾರ್ಡಿನ ಅಭ್ಯರ್ಥಿಗಳೆಲ್ಲ ಬಂದು ಮಾತಾಡಲಿ, ಎಲ್ಲರಿಗೂ ಒಂದೇ ಸಮಯ ಎಂದರು ಶಿವನಂಜಣ್ಣ. ಮೊದಲ ದಿನವೇ ಗಡಿಯಾರದ ಜಗಳವಾಯಿತು. ಗೋಡೆ ಗಡಿಯಾರ ಮುಂದಿದೆ ಎಂದು ಒಬ್ಬರ ಕಡೆಯವರು, ನಮ್ಮ ಕೈಗಡಿಯಾರವೇ ಸರಿ ಎಂದು ಇನ್ನೊಬ್ಬರ ಕಡೆಯವರು, ಅಂಗಡಿಯ ಮುಂದೆ ಕಾಲರಿಗೆ ಕೈ ಹಾಕುವ ತನಕ ಹೋಯಿತು. ಶಿವನಂಜಣ್ಣ ಒಳಗೆ ಹೋಗಿ, ಹೆಂಡತಿ ಗೌರಮ್ಮ ಮನೆಯಲ್ಲೇ ಹೊಸೆಯುತ್ತಿದ್ದ ಊದುಬತ್ತಿಯ ಕಟ್ಟು ತಂದರು. ಕಡ್ಡಿಯ ಮೇಲೆ ಎರಡು ಬೆರಳಗಲದಷ್ಟು ಮಾತ್ರ ಮಸಾಲೆ ಉಳಿಯುವ ಹಾಗೆ ತುದಿ ಮುರಿದು, ಎಲ್ಲವನ್ನೂ ಸಾಲಾಗಿಟ್ಟು ಅಳತೆ ನೋಡಿ, ನಿಮ್ಮದನ್ನು ನೀವೇ ಆಯ್ದುಕೊಳ್ಳಿ ಎಂದರು. ಬತ್ತಿ ಆರುವವರೆಗೆ ಮಾತು. ಆರಿದ ಮೇಲೆ ಬ್ರಹ್ಮ ಬಂದರೂ ಮಾತಿಲ್ಲ.

ಅಲ್ಲಿಂದ ಒಬ್ಬರೂ ತಕರಾರು ತೆಗೆಯಲಿಲ್ಲ. ಉರಿಯುವ ಊದುಬತ್ತಿಯ ಮುಂದೆ ನಿಂತು ಜಗಳವಾಡಲು ಮೈಸೂರಿನವರಿಗೆ ಬಾಯಿ ಬರುವುದಿಲ್ಲ. ಒಬ್ಬ ಅಭ್ಯರ್ಥಿಯಂತೂ ಮಾತಿಗೆ ಮೊದಲು ಅದಕ್ಕೇ ಕೈಮುಗಿದರು. ಬತ್ತಿಯನ್ನು ಒಂದು ಬಾಳೆಹಣ್ಣಿಗೆ ಸಿಕ್ಕಿಸುತ್ತಿದ್ದೆವು. ಮಾತು ಮುಗಿದ ಮೇಲೆ ಆ ಹಣ್ಣು ಅಭ್ಯರ್ಥಿಗೇ ಹೋಗುತ್ತಿತ್ತು. ಯಾವ ಪಕ್ಷದವರಾದರೂ ಒಂದೇ ಚಿಪ್ಪಿನ ಹಣ್ಣು.

ಆ ದಿನಗಳಲ್ಲೇ ಇನ್ನೊಂದು ಸುದ್ದಿ ಓಡಾಡುತ್ತಿತ್ತು. ಯಾರೋ ದೊಡ್ಡವರೊಬ್ಬರು ಊರಿನ ಕೇಬಲ್ಲುಗಳನ್ನೆಲ್ಲ ಬಡಾವಣೆ ಬಡಾವಣೆಯಾಗಿ ಕೊಂಡುಕೊಳ್ಳುತ್ತಿದ್ದಾರೆ, ಅವರದೇ ಒಂದು ಪತ್ರಿಕೆಯೂ ಬರುತ್ತದಂತೆ ಎಂದು. ಶಿವನಂಜಣ್ಣನವರ ಹತ್ತಿರವೂ ಅವರ ಕಡೆಯವರು ಎರಡು ಸಲ ಬಂದುಹೋಗಿದ್ದರು. ಇದರ ಬಗ್ಗೆ ಅಭ್ಯರ್ಥಿಗಳು ಏನನ್ನುತ್ತಾರೆ ಕೇಳೋಣ ಎಂದೆ ನಾನು. ಶಿವನಂಜಣ್ಣ ಒಪ್ಪಲಿಲ್ಲ.

"ಅದು ನನ್ನ ಸಂಕಟ ಟೀಚರಮ್ಮ. ನನ್ನ ಪೆಟ್ಟಿಗೇಲಿ ಕುಂತ್ಕೊಂಡು ನನ್ನ ಸಂಕಟಾನೇ ಕೇಳುಸ್ದ್ರೆ ಎಂಗೆ ನ್ಯಾಯ ಆಯ್ತದೆ?"

ಇದು ನಿಮ್ಮೊಬ್ಬರ ಸಂಕಟವಲ್ಲ, ಗಿಳಿ ಕಳೆದುಕೊಂಡವರ ಸಂಕಟವೂ ಹೌದು, ನಾಳೆ ಅವರ ಸುದ್ದಿ ಓದುವವರು ಯಾರು ಎಂದು ವಾದ ಮಾಡಿದೆ. ಮೂರು ದಿನ ಹಟ ಹಿಡಿದ ಮೇಲೆ ಅರೆಮನಸ್ಸಿನಿಂದ ಒಪ್ಪಿದರು. ಪ್ರಶ್ನೆ ನಾನು ಕೇಳಬೇಕು, ಅವರು ಆ ಕೋಣೆಯಲ್ಲೇ ಇರಬಾರದು ಎಂದು ಕರಾರು. ಆದ್ದರಿಂದ ಕಾರ್ಯಕ್ರಮ ನಡೆಯುವಾಗ ಪಕ್ಕದ ಕೋಣೆಯಲ್ಲಿ ಯಂತ್ರಗಳ ಜೊತೆ ಕೂತಿರುತ್ತಿದ್ದರು. ಬತ್ತಿ ಆರಿದ ಕೂಡಲೇ ನಾನು ಗಂಟೆ ಬಾರಿಸಬೇಕು, ಅವರು ಅಲ್ಲಿಂದ ದನಿ ನಿಲ್ಲಿಸಬೇಕು.

ಆ ಸಂಜೆ ಮೊದಲು ಬಂದವರು, ಕೇಬಲ್ಲೆಲ್ಲ ಒಬ್ಬರ ಕೈಯಲ್ಲಿದ್ದರೆ ಜನಕ್ಕೆ ಅನುಕೂಲ, ದೂರು ಕೊಡಲು ಒಂದೇ ಕಡೆ ಹೋದರಾಯಿತು ಎಂದರು. ಎರಡನೆಯವರು ಸಮಿತಿ ಮಾಡಿಸುತ್ತೇನೆ ಎಂದು ಚರಂಡಿಯ ವಿಷಯಕ್ಕೆ ಜಾರಿದರು. ಮೂರನೆಯವರು ಸಾವಿತ್ರಮ್ಮ. ಪಕ್ಷೇತರ ಅಭ್ಯರ್ಥಿ, ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಉಳಿದಿಬ್ಬರು ಕಾರಿನಲ್ಲಿ ಬಂದಿದ್ದರು. ಈಕೆ ಏಪ್ರಿಲ್ ಬಿಸಿಲಲ್ಲಿ ಮನೆ ಮನೆ ಸುತ್ತಿ, ನಡೆದೇ ಬಂದರು. ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿದರೆ, ಒರೆಸಿದಷ್ಟೂ ಬೆವರು. ಮೈಕಿಗೆ ಸದ್ದು ಬರುತ್ತದೆಂದು ಆ ಕೋಣೆಯಲ್ಲಿ ಫ್ಯಾನ್ ಹಾಕುತ್ತಿರಲಿಲ್ಲ. ಪಾಪ ಅನ್ನಿಸಿತು. ಮೂಲೆಯಲ್ಲಿದ್ದ ಟೇಬಲ್ ಫ್ಯಾನನ್ನು ಸಣ್ಣಗೆ ಹಾಕಿ ಅವರತ್ತ ತಿರುಗಿಸಿದೆ, ಬತ್ತಿ ಹಚ್ಚಿದೆ.

ಸಾವಿತ್ರಮ್ಮ ನಿಧಾನದ ಮನುಷ್ಯೆ. ನೀರಿನ ವಿಷಯ ಹೇಳಿದರು, ಬೀದಿ ದೀಪದ ವಿಷಯ ಹೇಳಿದರು. ಆಮೇಲೆ ನನ್ನ ಪ್ರಶ್ನೆಗೆ ಬಂದು, ಸ್ವಲ್ಪ ಯೋಚಿಸಿ, ಕ್ಯಾಮೆರಾ ಬಿಟ್ಟು ನನ್ನ ಮುಖ ನೋಡಿಕೊಂಡು ಶುರುಮಾಡಿದರು.

"ನೋಡಮ್ಮ, ಹೆರಿಗೆ ವಾರ್ಡಲ್ಲಿ ಹತ್ತು ಮಕ್ಕಳು ಒಟ್ಟಿಗೆ ಅಳ್ತಿರ್ತವೆ. ಅದ್ರಲ್ಲಿ ಒಂದು ಸುಮ್ನಾಗ್ಬುಡ್ತು ಅಂದ್ರೆ, ನಾವು ನರ್ಸುಗಳು..."

ಬತ್ತಿ ಆರಿತು. ನನ್ನ ಕೈ ತಾನಾಗಿ ಗಂಟೆ ಬಾರಿಸಿತು, ಪಕ್ಕದ ಕೋಣೆಯಲ್ಲಿ ಶಿವನಂಜಣ್ಣ ದನಿ ನಿಲ್ಲಿಸಿದರು. ಸಾವಿತ್ರಮ್ಮ ಒಂದು ಗಳಿಗೆ ಬಾಯಿ ತೆರೆದೇ ಇದ್ದು, ನಕ್ಕು, ಬಾಳೆಹಣ್ಣು ಕೈಗೆ ತೆಗೆದುಕೊಂಡು ಹೊರಟುಹೋದರು. ಅವರ ಹಿಂದೆಯೇ ಫ್ಯಾನ್ ಆರಿಸಲು ಹೋದಾಗ ನನಗೆ ಹೊಳೆಯಿತು. ಉಳಿದಿಬ್ಬರ ಬೂದಿ ಹಣ್ಣು ಇಟ್ಟಿದ್ದ ಜಾಗದಲ್ಲೇ ಗುಪ್ಪೆಯಾಗಿ ಬಿದ್ದಿತ್ತು; ಇವರದು ಮೇಜಿನ ಆ ತುದಿಯವರೆಗೆ ಹಾರಿತ್ತು. ಗಾಳಿ ಬಡಿದು ಬತ್ತಿ ಭರಭರ ಉರಿದುಹೋಗಿದೆ. ಉಳಿದವರಿಗೆ ಸಿಕ್ಕಿದ್ದರಲ್ಲಿ ಅರ್ಧ ಸಮಯವೂ ಈಕೆಗೆ ಸಿಕ್ಕಿಲ್ಲ.

ಆಗಲೇ ಪಕ್ಕದ ಕೋಣೆಗೆ ಹೋಗಿ ಹೇಳಬೇಕಾಗಿತ್ತು. ಹೇಳಲಿಲ್ಲ. ಟೀವಿಯಮ್ಮನಿಗೆ ನಾಚಿಕೆ. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಬಂದಾಗ ನಾಡಿದ್ದು ಅಂದುಕೊಂಡೆ. ಮೂರನೆಯ ದಿನ ಹೋಗಿ ಹೇಳುವ ಹೊತ್ತಿಗೆ ಪ್ರಚಾರದ ಗಡುವು ಮುಗಿದಿತ್ತು. ಇನ್ನು ಯಾರನ್ನೂ ಕೂರಿಸಿ ಮಾತಾಡಿಸುವಂತಿರಲಿಲ್ಲ. ಶಿವನಂಜಣ್ಣ ಯಾವುದೋ ವೈರಿನ ಸಿಂಬಿ ಸುತ್ತುತ್ತಿದ್ದವರು ಹಾಗೇ ನಿಂತರು. ಬೈಯಲಿಲ್ಲ. "ನಿನ್ನೆ ಹೇಳಿದ್ರೆ ಇನ್ನೊಂದು ಬತ್ತಿ ಹಚ್ಬೋದಿತ್ತಲ್ಲ ಟೀಚರಮ್ಮ" ಅಂದರು, ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಸಾವಿತ್ರಮ್ಮನ ಮನೆ ಕಡೆ ಹೋದರು. ಅಲ್ಲಿ ಏನು ಹೇಳಿದರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಾವಿತ್ರಮ್ಮ ಸೋತರು. ಬತ್ತಿ ಪೂರ್ತಿ ಉರಿದಿದ್ದರೂ ಸೋಲುತ್ತಿದ್ದರೇನೋ. ಆ ವರ್ಷ ಮುಗಿಯುವುದರೊಳಗೆ ಎಂಟು ಬೀದಿಗಳ ವೈರೂ ದೊಡ್ಡವರ ಕೈಗೆ ಹೋಯಿತು. ಸಂಜೆ ಐದರ ಚಾನೆಲ್ ಇದ್ದ ಕಡೆ ಸೀರೆಯಂಗಡಿಯ ಜಾಹೀರಾತು ಬರತೊಡಗಿತು. ಶಿವನಂಜಣ್ಣ ಮತ್ತೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೂತರು. ದಾರಿಯಲ್ಲಿ ಕಂಡರೆ ಅದೇ ನಗು, ಅದೇ ಟೀಚರಮ್ಮ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗಲೂ ಯಾರದಾದರೂ ಗಿಳಿ ಹಾರಿಹೋದರೆ ಅದನ್ನು ಊರಿಗೆ ಹೇಳುವವರು ಯಾರೂ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ನೀವು ನಗಬಹುದು.

ತಂಗಿ ಫ್ಯಾನ್ ಆರಿಸಿದ ಮಾರನೆಯ ದಿನ ನಾನು ಗೌರಮ್ಮನಿಗೆ ಫೋನು ಮಾಡಿ ಸಾವಿತ್ರಮ್ಮನ ವಿಳಾಸ ಕೇಳಿದೆ. ರಾಜೀವನಗರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದರು. ಆಟೋ ಹಿಡಿದು ಹೋದೆ. ಎಂಬತ್ತೈದು ದಾಟಿದ ಜೀವ. ಕಣ್ಣು ಮಂಜಾಗಿದೆ, ಮಾತು ಮಾತ್ರ ಅದೇ ನಿಧಾನ. ಹೆಸರು ಹೇಳಿದ್ದಕ್ಕೆ ಗುರುತು ಹತ್ತಲಿಲ್ಲ, ವಾರ್ತೆ ಓದುತ್ತಿದ್ದವಳು ಎಂದ ಮೇಲೆ ಕೈ ಹಿಡಿದುಕೊಂಡರು. ನಾನು ಇಪ್ಪತ್ತೈದು ವರ್ಷದಿಂದ ಕಟ್ಟಿಟ್ಟುಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ಫ್ಯಾನ್ ಹಾಕಿದವಳು ನಾನು, ನಿಮ್ಮ ಅರ್ಧ ಮಾತು ನುಂಗಿದವಳು ನಾನು ಎಂದೆ. ಅವರು ಹಿಡಿದ ಕೈ ಬಿಡಲಿಲ್ಲ.

"ಶಿವನಂಜಣ್ಣನೋರು ಮನೆಗೆ ಬಂದು, ಬತ್ತಿ ಮುರಿಯೋವಾಗ ನಂದೇ ಅಳತೆ ತಪ್ಪೋಯ್ತು ತಾಯಿ ಅಂದಿದ್ರು ಕಣಮ್ಮ."

ಅಳತೆಯ ವಿಷಯದಲ್ಲಿ ಕೂದಲೆಳೆಯಷ್ಟು ಆಚೀಚೆ ಮಾಡದ ಮನುಷ್ಯ ನನ್ನ ಮಾನ ಉಳಿಸಲು ತನ್ನ ಅಳತೆಯನ್ನೇ ಬಿಟ್ಟುಕೊಟ್ಟಿದ್ದರು. ಆಮೇಲೂ ಅಷ್ಟು ವರ್ಷ ದಾರಿಯಲ್ಲಿ ನಗುತ್ತಿದ್ದರು. ಅವರಿದ್ದಿದ್ದರೆ ಆಗಲೇ ಬನ್ನಿಮಂಟಪಕ್ಕೆ ಓಡುತ್ತಿದ್ದೆ.

ಕೊನೆಗೆ, ಬಂದ ಕೆಲಸ ಕೇಳಿದೆ. ಹತ್ತು ಮಕ್ಕಳಲ್ಲಿ ಒಂದು ಸುಮ್ಮನಾದರೆ ನೀವು ನರ್ಸುಗಳು ಏನು ಮಾಡುತ್ತಿದ್ದಿರಿ, ಅವತ್ತು ಏನು ಹೇಳಬೇಕೆಂದಿದ್ದಿರಿ? ಸಾವಿತ್ರಮ್ಮ ಹಣೆ ಗಂಟಿಕ್ಕಿ ಹುಡುಕಿದರು. ಸಿಕ್ಕಲಿಲ್ಲ.

"ಮರ್ತೋಗ್ಯದೆ ಕಣಮ್ಮ. ಆ ಗಾಳಿ ಒಂದು ನೆನಪೈತೆ. ಅಷ್ಟು ದಿನದ ತಿರುಗಾಟದಲ್ಲಿ ನಾನು ಬೆವರ್ತಾ ಇವ್ನಿ ಅಂತ ನೋಡ್ದೋಳು ನೀನೊಬ್ಳೇಯ."

ಸಂಜೆ ಮನೆಗೆ ಬಂದಾಗ ತಂಗಿ ದೀಪ ಹಚ್ಚುತ್ತಿದ್ದಳು. ಬತ್ತಿ ಹಚ್ಚಿಟ್ಟ ಕೂಡಲೇ, ಅವಳು ಹೇಳುವ ಮೊದಲೇ, ನಾನೇ ಎದ್ದು ಫ್ಯಾನ್ ಆರಿಸಿದೆ. ಟೀವಿಯಲ್ಲಿ ಅದೇ ಚರ್ಚೆ, ಅದೇ ಆರು ಜನ. ನನಗಾಗದ ಆ ಅಭ್ಯರ್ಥಿಯ ಸರದಿ ಬಂತು. ಅಭ್ಯಾಸಬಲದಿಂದ ರಿಮೋಟಿನತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಇವತ್ತು ಇವರು ಹೇಳಿ ಮುಗಿಸುವ ತನಕ ಕೇಳುತ್ತೇನೆ ಎಂದುಕೊಂಡು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಕೂತೆ. ಒಬ್ಬರೇ ಎಲ್ಲ ಚಾನೆಲ್ ಇಟ್ಟುಕೊಳ್ಳುವುದು ಯಾಕೆ ಸರಿಯಲ್ಲ ಎಂದು ಅವರು ಹೇಳತೊಡಗಿದರು. ಎರಡು ವಾಕ್ಯವಾಗಿತ್ತೋ ಏನೋ, ನಿರೂಪಕರು ಕೈಯೆತ್ತಿ ಜಾಹೀರಾತಿಗೆ ಹೋದರು. ತಿರುಗಿ ದೇವರ ಕಡೆ ನೋಡಿದೆ. ಬತ್ತಿ ಇನ್ನೂ ಎರಡು ಬೆರಳಗಲ ಉಳಿದಿತ್ತು.