ಗರಗಸದ ಮುಂದೆ ಎತ್ತಿದ ಕೈ

ನಮ್ಮ ಭಾವ ಎಂದೂ ದನಿ ಎತ್ತಿದವನಲ್ಲ. ಕೂಗಾಡುವವನು ನಾನು. ಇಂದು ಪೇಟೆಯ ಅಂಗಡಿಯವರು ಅವನ ಹೆಸರೆತ್ತುವ ಮೊದಲು ಬಾಗಿಲ ಕಡೆ ನೋಡುತ್ತಾರೆ. ಅವನು ಸದ್ದಿಲ್ಲದೆ ಹೆದರಿಸುವ ಈ ವಿದ್ಯೆ ಎಲ್ಲಿ ಕಲಿತ ಎಂಬುದು ನನಗೆ ಗೊತ್ತು.

ನಾವಿಬ್ಬರೂ ಮರ ಕೊಯ್ಯುವ ಮಿಲ್ಲಿನಲ್ಲಿದ್ದೆವು. ಒಂದು ದಿನ ಯಾರ ಮೇಲೋ ರೇಗಿ, ಹಿಂದುಮುಂದು ನೋಡದೆ ಸ್ವಿಚ್ ಒತ್ತಿದೆ. ಗರಗಸಕ್ಕೆ ಸಿಕ್ಕಿಕೊಂಡಿದ್ದ ಸಿಬಿರು ಬಿಡಿಸುತ್ತಿದ್ದ ಭಾವನ ಎರಡು ಬೆರಳು ಹೋದವು. ಅಕ್ಕ ನನಗೆ ಹಿಡಿಶಾಪ ಹಾಕಿದಳು. ಅವನು ಬೈಯಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದ, ಅಷ್ಟೆ.

ಆಮೇಲೆ ಯಜಮಾನರು ಅವನನ್ನೇ ಸ್ವಿಚ್ಚಿನ ಬಳಿ ಕೂರಿಸಿ ಒಂದು ನಿಯಮ ಮಾಡಿದರು. ಅವನು "ಕೈ" ಎಂದರೆ ಯಂತ್ರದ ಬಳಿಯ ನಾವು ಹನ್ನೊಂದು ಜನರೂ ಎರಡೂ ಕೈ ಮೇಲೆತ್ತಬೇಕು. ಅಷ್ಟೂ ಕೈ ಕಂಡ ಮೇಲೆ ಯಂತ್ರ ಶುರು.

ಮೊದಮೊದಲು ತಕ್ಷಣ ಒತ್ತುತ್ತಿದ್ದ. ಬರಬರುತ್ತ ತಡವಾಗತೊಡಗಿತು. ಕೈ ಎತ್ತಿ ನಿಂತ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ, ದಿಮ್ಮಿಯಲ್ಲಿ ಗಂಟು ಹುಡುಕುವವನಂತೆ. ಯಾರ ತೋಳು ನಡುಗುತ್ತದೆ, ಯಾರು ಪಕ್ಕದವನನ್ನು ನೋಡಿ ಎತ್ತುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ.

ಒಂದು ಬೆಳಿಗ್ಗೆ ನಾನು ಕೈ ಇಳಿಸಿದೆ.

"ಏನ್ ಭಾವ, ನಮ್ಮನ್ನೇನು ಬಟ್ಟೆ ಒಣಗಿಸೋ ಗೂಟ ಅಂದ್ಕೊಂಡ್ಯಾ?"

ಅವನು ಸ್ವಿಚ್ ಒತ್ತಲಿಲ್ಲ. ನನ್ನ ಮೇಲೆ ಬಿದ್ದವರು ಉಳಿದ ಹತ್ತು ಜನ.

"ಎತ್ತಯ್ಯ ಸಾಕು! ನಿನ್ನಿಂದ ನಮ್ ತೋಳು ಬಿದ್ದೋಗ್ತಿದೆ!"

ಎತ್ತಿದೆ. ಭಾವ ಮೊದಲ ಸಲ ನಕ್ಕ. ತಾನು ಹೊಡೆಯಬೇಕಿಲ್ಲ, ಉಳಿದವರೇ ಹೊಡೆಯುತ್ತಾರೆ ಎಂದು ಅವನಿಗೆ ಅಂದೇ ಹೊಳೆದಿರಬೇಕು.

ಮಿಲ್ಲು ಬಿಟ್ಟ ಮೇಲೆ ಲಾರಿ ನಿಲ್ದಾಣ ಅವನದಾಯಿತು, ಆಮೇಲೆ ಇಡೀ ಪೇಟೆ. ಎದುರಾಡಿದ ಡ್ರೈವರೊಬ್ಬನ ಕಾಲನ್ನು ಆ ಡ್ರೈವರನ ಗೆಳೆಯರೇ ಮುರಿದರು.

ಹೋದ ತಿಂಗಳು ನನ್ನ ತಮ್ಮ ಭಾವನ ಜೊತೆ ಸೇರಿದ. ಕರೆತರುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟು, ಮಟಮಟ ಮಧ್ಯಾಹ್ನ ಹೋದೆ. ಲಾರಿ ನಿಲ್ದಾಣದ ಕೋಣೆಯಲ್ಲಿ ಭಾವ ಕುರ್ಚಿಯ ಮೇಲಿದ್ದ, ತಮ್ಮ ಗೋಡೆಗೊರಗಿ ನಿಂತಿದ್ದ.

"ಇವನ್ನ ಬಿಟ್ಬಿಡು. ಇಲ್ಲಾಂದ್ರೆ ಅಕ್ಕನ ಗಂಡ ಅಂತಾನೂ ನೋಡಲ್ಲ!"

"ನಾನೆಲ್ಲಿ ಹಿಡ್ಕೊಂಡಿದೀನಿ ಭಾಮೈದ? ಕರ್ಕೊಂಡು ಹೋಗು" ಎಂದ ಭಾವ. ಮೂರು ಬೆರಳಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ, "ಕೈ" ಎಂದ.

ಅಲ್ಲಿ ಗರಗಸವಿರಲಿಲ್ಲ. ಆದರೂ ನನ್ನ ಎರಡೂ ಕೈ ತಾವಾಗಿ ಮೇಲೆ ಹೋದವು. ಇಳಿಸಬೇಕೆಂದರೂ ಇಳಿಯಲಿಲ್ಲ. ತಮ್ಮನ ಕಡೆ ನೋಡಿದೆ. ಅವನು ಎತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ, ದಿಮ್ಮಿಯಲ್ಲಿ ಗಂಟು ಹುಡುಕುವವನಂತೆ.

ಬಹಳ ಹೊತ್ತಾದ ಮೇಲೆ, "ಇಳಿಸು ಅಣ್ಣ" ಎಂದ.

ಇಳಿಸಿದೆ. ಒಬ್ಬನೇ ಮನೆಗೆ ಬಂದೆ.