ಬೆಳಿಗ್ಗೆ ಅರಳಿದ ಹೀರೆ

ಮಾರ್ಚಿನ ಮೊದಲ ವಾರವಿರಬೇಕು, ಖಾತ್ರಿಯಿಲ್ಲ. ದೆಹಲಿಯ ಮಯೂರ್ ವಿಹಾರದ ನಮ್ಮ ಮನೆಯ ಬಾಲ್ಕನಿಯಲ್ಲಿ ಚಳಿಗಾಲದ ಪೆಟೂನಿಯಾಗಳು ಒಣಗುತ್ತಿದ್ದವು. ಮಲ್ಲಿಗೆ ಚಿಗುರುತ್ತಿತ್ತು. ಖಾಲಿಯಾದ ದೊಡ್ಡ ಕುಂಡ ತೋರಿಸಿ ಅಮ್ಮ, “ಇದಕ್ಕೆ ಹೀರೆ ಹಾಕೋಣ. ಸಿಪ್ಪೆ ಚಟ್ನಿ ತಿಂದು ಎಷ್ಟು ದಿನ ಆಯ್ತು” ಎಂದಳು. ರಸ್ತೆಬದಿಯ ನರ್ಸರಿಯಿಂದ ಬೀಜ ತಂದವನು ನಾನು. ಹೀರೆಗೆ ಹಿಂದಿಯಲ್ಲಿ ತೋರಿ ಎನ್ನುತ್ತಾರೆ. ‘ಭಯ್ಯಾ, ತೋರಿ ಕೆ ಬೀಜ್’ ಎಂದು ನಾನು ಕೇಳಿದ್ದು ಕಿವಿಯಲ್ಲಿ ಇನ್ನೂ ಇತ್ತು.

ಅದೇ ವಾರ ಒಂದು ಬೆಳಿಗ್ಗೆ ಹಾಲು ಒಲೆಯ ಮೇಲೆ ಸೀದು ಪಾತ್ರೆಯ ತಳ ಕರಕಲಾಯಿತು. ಇಟ್ಟು ಮರೆತಿದ್ದು ನೀನೇ ಎಂದು ಅಮ್ಮನಿಗೆ ಹೇಳಿದೆ. ಹೆಂಡತಿ, ನಾನು ಇಬ್ಬರೂ ಆಫೀಸಿಗೆ ಹೋಗುವವರು. ಮಗಳು ಸ್ಕೂಲಿಗೆ. ಹಗಲೆಲ್ಲ ಅಮ್ಮ ಒಬ್ಬಳೇ. ಇನ್ನು ಮೇಲೆ ಗ್ಯಾಸ್ ಹಚ್ಚಬೇಡ ಎಂದು ಲೈಟರನ್ನು ಮೇಲಿನ ಶೆಲ್ಫಿಗೆ ಏರಿಸಿದೆ. ನಲವತ್ತು ವರ್ಷ ದೆಹಲಿಯಲ್ಲಿ ಅಡುಗೆ ಮಾಡಿದವಳು ಬಾಲ್ಕನಿಗೆ ಹೋಗಿ ಮಣ್ಣು ಸಡಿಲಿಸುತ್ತ ಕೂತಳು.

ಮರೆವಿನ ಡಾಕ್ಟರ ಭೇಟಿ ಸಿಕ್ಕಿದ್ದು ಏಪ್ರಿಲ್ ಕೊನೆಗೆ. ಸರಿಯಾದ ಪುರಾವೆ ಒಯ್ಯಬೇಕೆಂದು ಫೋನಿನಲ್ಲಿ ಪಟ್ಟಿ ಮಾಡತೊಡಗಿದೆ. ಒಂದು, ಹಾಲು. ಎರಡು, ಮೊಮ್ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆದದ್ದು. ಬಳ್ಳಿಗೆ ನಾಲ್ಕೆಲೆ ಬಂದಾಗ ಮೂರನೆಯದು ಸೇರಿತು.

ಅಮ್ಮ ಎಲೆಯನ್ನು ಬೆರಳಿನಿಂದ ತಿಕ್ಕಿ, “ಇದು ಸೌತೆ ಕಣೋ” ಎಂದಿದ್ದಳು.

“ಹೀರೆ ಅಮ್ಮ. ನೀನೇ ಹೇಳಿದ್ದಲ್ಲ?”

“ನಾನು ಹೇಳಿದ್ದು ಹೀರೆ. ನೀನು ತಂದಿದ್ದು ಸೌತೆ.”

ನಾನು ವಾದಿಸಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ: ಮೃದುವಾಗಿ ನಕ್ಕು, ಒಳಗೆ ಹೋಗಿ ಬರೆದುಕೊಂಡೆ.

ಬಿಸಿಲು ಏರಿತು. ಹಸಿರು ಬಲೆ ಕಟ್ಟಿದೆವು. ಬೆಂಡೆ ಗಿಡ ಮೊಳಕಾಲುದ್ದ ಬಂತು, ಟೊಮೇಟೊ ಕೆಂಪಾದವು, ಸೆಣಬಿನ ದಾರ ಹಿಡಿದು ಬಳ್ಳಿ ಗ್ರಿಲ್ ಹತ್ತಿತು. ಡಾಕ್ಟರ ಭೇಟಿಗೆ ಇನ್ನೆರಡು ದಿನ ಇದ್ದಾಗ, ಒಂದು ಭಾನುವಾರ, ಕಾಫಿ ಹಿಡಿದು ಬಾಲ್ಕನಿಗೆ ಬಂದರೆ ಅಮ್ಮ ಬಳ್ಳಿಯ ಮುಂದೆ ನಿಂತಿದ್ದಳು. ಮೂರು ಹಳದಿ ಹೂವುಗಳು ಅರಳಿದ್ದವು. ಎಲೆಯ ಹಿಂದೆ ಮುಳ್ಳುಮುಳ್ಳಾದ ಎಳೆ ಮಿಡಿಯೊಂದು.

“ಹೀರೆ ಹೂವು ಸಂಜೆ ಮೇಲೆ ಅರಳೋದು. ನಿಮ್ಮಪ್ಪ ಆಫೀಸಿಂದ ಬರೋ ಹೊತ್ತಿಗೆ ಕ್ವಾರ್ಟರ್ಸ್ ಬೇಲಿ ತುಂಬ ಇರ್ತಿತ್ತು. ಇದು ನೋಡು, ಏಳು ಗಂಟೆಗೇ ಅರಳಿ ಕೂತಿದೆ.”

ನಂಬಲಾಗದೆ ಫೋನಿನಲ್ಲಿ ಹುಡುಕಿದೆ. ಅಮ್ಮ ಹೇಳಿದ್ದು ಸರಿ. ಅಷ್ಟರಲ್ಲಿ ಮಗಳು ಗಿಡದ ಸಾಮಾನಿನ ಡಬ್ಬಿ ತಂದು ಕೆದಕಿ ಮಡಚಿದ ಕಾಗದದ ಪೊಟ್ಟಣ ತೆಗೆದಳು. ಮೇಲೆ ನರ್ಸರಿಯವನ ಪೆನ್ನಿನ ಹಿಂದಿ ಅಕ್ಷರ.

“ಖೀರಾ ಲಿಖಾ ಹೈ, ಅಪ್ಪಾ.” ಖೀರಾ, ಅಂದರೆ ಸೌತೆ ಎಂದು ಬರೆದಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. “ನೀನು ಭಯ್ಯಾ ಹತ್ರ ಹೀರೆ ಅಂದಿರ್ತೀಯ. ಅವನಿಗೆ ಖೀರಾ ಕೇಳ್ಸಿರತ್ತೆ. ಸಿಂಪಲ್.”

“ತೋರಿ ಅಂತಲೇ ಕೇಳಿದ್ದೆ” ಎಂದೆ. ಹೇಳುವಾಗಲೇ ನನ್ನ ದನಿ ನನಗೆ ಅಪರಿಚಿತವಾಗಿ ಕೇಳಿಸಿತು.

“ಡಾಕ್ಟರ ಹತ್ರ ನಿನ್ನ ಹೆಸರೂ ಬರೆಸು” ಎಂದಳು ಅಮ್ಮ. “ಒಂದೇ ಆಟೋದಲ್ಲಿ ಹೋಗಿ ಬರೋಣ.”

ಪಟ್ಟಿಯ ಮೂರನೆಯದನ್ನು ಅಳಿಸಿದೆ. ಆಮೇಲೆ ಮೊದಲನೆಯದು, ಹಾಲು, ಕಣ್ಣಿಗೆ ಬಿತ್ತು. ಆ ಬೆಳಿಗ್ಗೆ ಡಿಕಾಕ್ಷನ್ ಇಳಿಯಲೆಂದು ಕಾಯುತ್ತಿದ್ದವನು ನಾನಲ್ಲವೇ? ಆಫೀಸಿನ ಫೋನ್ ಬಂದು ಮೆಟ್ಟಿಲ ಬಳಿ ಮಾತಾಡುತ್ತ ನಿಂತದ್ದು ಅಂದೇ ಅಲ್ಲವೇ? ಅಮ್ಮ ಒಲೆಯ ಮುಂದೆ ನಿಂತ ಚಿತ್ರ ನನ್ನ ತಲೆಯಲ್ಲಿದೆ, ಆದರೆ ಅದು ಯಾವ ಬೆಳಗಿನದಾದರೂ ಆಗಬಹುದು.

ವಾರ ಕಳೆದು ಮೊದಲ ಕಾಯಿ ಕೊಯ್ದೆವು. ಡಾಕ್ಟರ ಬಳಿಗೂ ಅಷ್ಟರಲ್ಲಿ ಹೋಗಿಬಂದಿದ್ದೆವು. ವಯಸ್ಸಿಗೆ ತಕ್ಕ ಮರೆವು, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಅಮ್ಮ ಸೌತೆಯ ತುದಿ ಕೊಯ್ದು, ಕಹಿ ಹೋಗಲೆಂದು ಆ ತುಂಡಿನಿಂದಲೇ ಉಜ್ಜಿ ನೊರೆ ತೆಗೆಯುತ್ತಿದ್ದಳು. ಕೋಸಂಬರಿಗೆ ಹೆಸರುಬೇಳೆ ನೆನೆದಿತ್ತು.

“ಅಮ್ಮ, ಆವತ್ತು ಹಾಲಿಟ್ಟಿದ್ದು ನಾನೇ ಇರಬೇಕು.”

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. “ನಾನು ಇಟ್ಟ ಹಾಗೆ ನನಗೆ ನೆನಪಿರಲಿಲ್ಲ.”

“ಮತ್ತೆ ಹೇಳಬಾರದಾಗಿತ್ತಾ?”

“ನೀನು ಅಷ್ಟು ಗಟ್ಟಿಯಾಗಿ ಹೇಳಿದೆಯಲ್ಲ. ಸರಿ, ನಾನೇ ಇಟ್ಟಿದ್ದೆನೇನೋ ಅಂದ್ಕೊಂಡೆ.”

ಅವಳು ಸೌತೆ ತೊಳೆದು ಹೆಚ್ಚಿದಳು, ಕಾಯಿತುರಿ ಹಾಕಿದಳು, ನಿಂಬೆ ಹಿಂಡಿದಳು. ಆಮೇಲೆ ಸಾಸಿವೆ ಡಬ್ಬಿ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

“ಒಗ್ಗರಣೆ ನೀನು ಹಾಕ್ತೀಯಾ, ಇಲ್ಲಾ ನಾನು ಹಚ್ಚಬಹುದಾ?”

ಸ್ಟೂಲ್ ಎಳೆದು ಹತ್ತಿ, ಮೇಲಿನ ಶೆಲ್ಫಿನಿಂದ ಲೈಟರ್ ಇಳಿಸಿದೆ. ಅದಕ್ಕೆ ಅಂಟಿದ ಜಿಡ್ಡನ್ನು ಅಂಗಿಗೆ ಒರೆಸಿ ಅವಳ ಕೈಗೆ ಕೊಟ್ಟೆ.