ಚೀಲದ ನಡುವಿಗೆ ಕೈ ಹಾಕಿದ ತಾಯಿ

“ನಿಮ್ಮ ಖೋಲಿ ಆಮ್ಯಾಲೆ ನೋಡ್ತೇನ್ರಿ,” ಎಂದ ಆ ಹೆಂಗಸು, ಹೊಸ ಸೋಫಾ ಹಾಕಿಸಿದ್ದ ನನ್ನ ಕ್ಯಾಬಿನ್ ದಾಟಿ ಸೀದಾ ಒಳಗೆ ನಡೆದರು.

ರಾಣೆಬೆನ್ನೂರಿನ ನಮ್ಮ ಆಡಿಟ್ ಆಫೀಸಿಗೆ ಆಕೆ ಬಂದದ್ದು, ಈಗಷ್ಟೇ ಸಿಎ ಪಾಸಾದ ಮಗಳ ಜೊತೆ. ಬೆಂಗಳೂರಿನ ಭಾರೀ ಕಂಪನಿಯೂ ಆ ಹುಡುಗಿಯನ್ನು ಕೆಲಸಕ್ಕೆ ಕರೆದಿತ್ತು, ಮಧ್ಯಮ ಗಾತ್ರದ ನಾವೂ ಕರೆದಿದ್ದೆವು. ಬೆಂಗಳೂರಿನವರು ತಾಯಿಯನ್ನು ಬಾಗಿಲ ಬಳಿಯ ಸೋಫಾ ದಾಟಿ ಒಳಗೆ ಬಿಟ್ಟಿರಲಿಲ್ಲವಂತೆ. ಆಕೆಯದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಅಲ್ಲಿ ಚೀಲದ ಬಾಯಲ್ಲಿ ಮಿಂಚುವ ಕಾಯಿಯನ್ನು ಯಾರೂ ನಂಬುವುದಿಲ್ಲ. ನಡುವಿಗೆ ಕೈ ಹಾಕಿ ಹಿಡಿ ಕಾಯಿ ಎಳೆದು ನೋಡುತ್ತಾರೆ.

ನಮ್ಮ ಚೀಲದ ನಡುವೆ ಆಕೆಯ ಕೈಗೆ ಸಿಕ್ಕವನು, ಕಂಪ್ಯೂಟರಿಗೆ ಅಂಟಿ ಕೂತಿದ್ದ ನಮ್ಮ ಗುಮಾಸ್ತ ಬಸವರಾಜ.

“ತಮ್ಮಾ, ನಿನ್ನೆ ಮಧ್ಯಾಹ್ನ ಎಷ್ಟ ಗಂಟೇಕ ಉಂಡಿ?”

ಆಕೆಯ ಬೆನ್ನ ಹಿಂದೆ ನಿಂತು ನಾನು ಅವನಿಗೆ ಒಂದು ಬೆರಳು ತೋರಿಸಿದೆ.

“ನಾಕ ಗಂಟೇಕ್ರಿ ಅಕ್ಕಾರ,” ಎಂದುಬಿಟ್ಟ ಪುಣ್ಯಾತ್ಮ.

ಆಕೆ ನನ್ನತ್ತ ತಿರುಗಿ ನಕ್ಕರು. “ನಿಮ್ಮ ಬೆರಳು ಆ ಕಿಟಕಿ ಗಾಜಿನಾಗ ಕಂಡ್ತರಿ ಸಾಹೇಬ್ರ. ಆದ್ರೂ ಹುಡುಗ ನಿಮಗ ಹೆದರದ ಖರೇ ಹೇಳಿದ. ಮಾಲು ಚಲೋ ಐತಿ.”

ಮಗಳು ನಮ್ಮಲ್ಲೇ ಸೇರಿದಳು. ಈಗ ದಿನಾ ಮಧ್ಯಾಹ್ನ ನನ್ನ ಬಾಗಿಲಿಗೆ ಬಂದು, ಬಾಯಿ ಬಿಡದೆ, ಒಂದು ಬೆರಳು ಎತ್ತಿ ತೋರಿಸಿ ಎಲ್ಲರನ್ನೂ ಊಟಕ್ಕೆ ಎಬ್ಬಿಸಿಕೊಂಡು ಹೋಗುತ್ತಾಳೆ.